ಎಷ್ಟು ಕಡಿದರೂ ಪಾಲಾಗದ್ದು

ನಮ್ಮ ಶಾಲೆಯ ಗೋಡೆಯ ಮೇಲೆ 73939133 ಎಂದು ಆಳೆತ್ತರದ ಅಂಕಿಗಳಲ್ಲಿ ಬರೆಸಿದಾಗ ಊರಿನವರಿಗೆ ಇದ್ದದ್ದು ಒಂದೇ ತಕರಾರು. ಫೋನ್ ನಂಬರಿನಲ್ಲಿ ಎರಡು ಅಂಕಿ ಬಿಟ್ಟುಹೋಗಿದೆ! ತೆಕ್ಕಟ್ಟೆ ಕಡೆಯ ಬಸ್ಸಿಗೆ ಕಾಯುತ್ತ ಹೆದ್ದಾರಿಯ ಪಕ್ಕ ನಿಂತವರಿಗೆ ಆ ಗೋಡೆ ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ನಾನು ಆಗ ಶಾಲೆಯ ಕನ್ನಡ ಪಂಡಿತ. ಗೇಟಿನಿಂದ ಹೊರಗೆ ಕಾಲಿಟ್ಟರೆ ಸಾಕು, ಯಾರಾದರೂ ಅಡ್ಡ ಹಾಕುತ್ತಿದ್ದರು.

“ಹ್ವಾಯ್ ಪಂಡಿತ್ರೆ, ಇದ್ ಯಾರ್ ನಂಬ್ರ? ಹತ್ತ್ ಅಂಕಿಯೇ ಇಲ್ಲೆ ಅಲೆ! ಪೈಂಟರ್ ಕುಡ್ಕಂಡ್ ಬರ್ದಿದ್ನಾ ಎಂತ?”

ನಾನು ಒಳಗೆ ಬೆರಳು ತೋರಿಸಿ, “ಲೆಕ್ಕದ ಟೀಚರನ್ನು ಕೇಳಿ” ಎಂದು ನುಣುಚಿಕೊಳ್ಳುತ್ತಿದ್ದೆ. ಅವರನ್ನು ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಇದು: “ಅದ್ ಯಾರಿಗೂ ಪಾಲಾಗದ್ ನಂಬ್ರ. ಅದ್ಕೇ ಎಲ್ಲರಿಗೂ ಕಾಂಬಂಗೆ ಬರ್ಸಿದ್ದ್.”

ಆ ಲೆಕ್ಕದ ಟೀಚರು ಈ ಮಳೆಗಾಲದಲ್ಲಿ ತೀರಿಕೊಂಡರು. ಅವರಿಗೊಂದು ಹೆಸರಿತ್ತು, ಹಾಜರಿಯಲ್ಲಿ ಸಹಿ ಹಾಕುವಾಗ ಅದನ್ನು ಬಳಸುತ್ತಿದ್ದರು. ಊರಿಗೆ ಮಾತ್ರ ಅವರು ಲೆಕ್ಕದ ಟೀಚರು, ನನಗೂ ಅಷ್ಟೇ ಸಾಕು. ಇದು ಅಳುತ್ತ ಬರೆಯುವ ಬರಹವಲ್ಲ. ಗೆದ್ದು ಹೋದವರ ಬಗ್ಗೆ ಮೂಗು ಒರೆಸುತ್ತ ಬರೆದರೆ ಅವರಿಗೆ ಕೆಂಡದಂಥ ಸಿಟ್ಟು ಬರುತ್ತಿತ್ತು, ಆ ಸಿಟ್ಟನ್ನು ಸ್ಟಾಫ್ ರೂಮಿನಲ್ಲಿ ನಾನು ಬೇಕಾದಷ್ಟು ಉಂಡಿದ್ದೇನೆ.

ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟಾಗಿದ್ದರು. ನಡಿಗೆಯಲ್ಲಿ ಸದಾ ಬಸ್ಸು ತಪ್ಪಿಹೋಗುವ ಅವಸರ. ಯೋಚನೆಗೆ ಬಿದ್ದಾಗ ಸೀಮೆಸುಣ್ಣದ ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇರುತ್ತಿದ್ದರು. ಸಂಜೆ ಅವರ ಸೆರಗು ನೋಡಿದರೆ ಆ ದಿನ ಎಷ್ಟು ಕಷ್ಟದ ಲೆಕ್ಕ ಮಾಡಿಸಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕಣ್ಣಿಗೆ ಬಿದ್ದ ಯಾವ ಸಂಖ್ಯೆಯನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತರೆ ಎದುರು ಬರುವ ಲಾರಿಯ ನಂಬರ್ ಪ್ಲೇಟು ನೋಡಿ, “ಪಾಪ, ಇದ್ ಹದಿಮೂರ್ರಲ್ಲಿ ಹೋಯ್ತ್” ಎನ್ನುತ್ತಿದ್ದರು. ಆ ಸಂಖ್ಯೆ ಹದಿಮೂರರಿಂದ ಭಾಗವಾಗುತ್ತದೆ ಎಂದು ಅದರರ್ಥ, ಆದರೆ ಲಾರಿಗೇ ಏನೋ ಅಪಘಾತವಾಯಿತು ಎಂದು ಮುಂದಿನ ಸೀಟಿನವರು ಹಿಂತಿರುಗಿ ನೋಡುತ್ತಿದ್ದರು.

ನಾವು ಶಾಲೆಯಲ್ಲಿ ಹನ್ನೊಂದು ಜನ ಸಿಬ್ಬಂದಿ ಇದ್ದೆವು. ಹೊಸದಾಗಿ ಒಬ್ಬರು ಡ್ರಿಲ್ ಮಾಸ್ತರರು ಬಂದು ಸೇರಿದ ದಿನ ನಾವೆಲ್ಲ ಲಾಡು ತಿನ್ನುತ್ತಿದ್ದರೆ ಇವರೊಬ್ಬರು ಮುಖ ಸಣ್ಣ ಮಾಡಿ ಕೂತಿದ್ದರು.

“ಹನ್ನೊಂದ್ ಜನ ಇಪ್ಪುವರಿಗೆ ನಮ್ಮನ್ನ್ ಪಾಲ್ ಮಾಡುಕೆ ಯಾರಿಂದ್ಲೂ ಆತಿರ್ಲಿಲ್ಲೆ. ಈಗ ಕಾಣಿ, ಎರಡ್ ಮಾಡ್ಲಕ್, ಮೂರ್ ಮಾಡ್ಲಕ್, ನಾಲ್ಕ್ ಬೇಕಾರೂ ಮಾಡ್ಲಕ್.”

ನಾವು ನಕ್ಕೆವು. ಆರು ತಿಂಗಳೊಳಗೆ ಸ್ಟಾಫ್ ರೂಮಿನಲ್ಲಿ ಸರಿಯಾಗಿ ಮೂರು ಪಂಗಡಗಳಾದವು. ಚಹಾದ ಫ್ಲಾಸ್ಕೂ ಮೂರಾಯಿತು. ಟೀಚರು ಮೂರು ಫ್ಲಾಸ್ಕಿನಿಂದಲೂ ಚಹಾ ಕುಡಿದು, “ನಾನ್ ಹೇಳಿದ್ನಲ್ದಾ?” ಎಂದು ಎಲ್ಲರನ್ನೂ ಉರಿಸಿದರು.

ಅವರದು ಕಡಲ ಬದಿಯ ಮನೆ. ಅಪ್ಪ ಕೈರಂಪಣಿಯವರು. ದಡದಿಂದಲೇ ಎರಡು ಬದಿಗೆ ನಿಂತು ಹಗ್ಗ ಹಿಡಿದು ಎಳೆಯುವ ಆ ದೊಡ್ಡ ಬಲೆಗೆ ಊರಿನ ಯಾರು ಕೈ ಹಾಕಿದರೂ ಪಾಲುಂಟು. ಎಳೆದು ಮುಗಿದ ಮೇಲೆ ಮರಳಿನ ಮೇಲೆ ಸಮನಾಗಿ ರಾಶಿ ಹಾಕುವ ಕೆಲಸ ಅವರಪ್ಪನದು. ರಾಶಿಗಳಿಗೆ ಹಂಚಿ ಮಿಕ್ಕ ಒಂದೆರಡು ಮೀನು ಮಗಳ ಬುಟ್ಟಿಗೆ ಬೀಳುತ್ತಿತ್ತು. ದೊಡ್ಡ ಮೀನು ಕೆಲವೇ ಸಿಕ್ಕ ದಿನ ಎರಡು ರಾಶಿ ಮಾಡಿದರೂ ಒಂದು ಮಿಕ್ಕುತ್ತಿತ್ತು, ಮೂರು ಮಾಡಿದರೂ ಮಿಕ್ಕುತ್ತಿತ್ತು, ಅಪ್ಪ ತಲೆಗೆ ಕೈ ಹಚ್ಚಿ, “ಇವತ್ತಿನ್ ಮೀನ್ ಹಟಮಾರಿ ಮಾರಾಯ್ರೆ” ಎನ್ನುತ್ತಿದ್ದರಂತೆ. “ನಂಗೆ ಆ ಹಟಮಾರಿಗಳ ಮೇಲೇ ಪ್ರೀತಿ ಹುಟ್ಟದ್” ಎಂದು ಟೀಚರು ಹೇಳುತ್ತಿದ್ದರು. ಪಠ್ಯಪುಸ್ತಕದಲ್ಲಿ ‘ಅವಿಭಾಜ್ಯ ಸಂಖ್ಯೆ’ ಎಂದು ಅಚ್ಚಾಗಿರುವುದಕ್ಕೆ ನಮ್ಮ ಮಕ್ಕಳು ಇವತ್ತಿಗೂ ಪಾಲಾಗದ ಸಂಖ್ಯೆ ಎನ್ನುತ್ತಾರೆ. ಕನ್ನಡ ಪಂಡಿತನಾಗಿ ನನಗೆ ಎರಡನೆಯದೇ ಹೆಚ್ಚು ಇಷ್ಟ.

ಗೋಡೆಯ ಮೇಲಿನದು ಅಂಥ ಹಟಮಾರಿಗಳ ರಾಜ. 73939133 ತಾನೂ ಪಾಲಾಗುವುದಿಲ್ಲ, ಅದರ ಬಾಲದ ಒಂದು ಅಂಕಿ ಕಡಿದರೆ ಉಳಿಯುವ 7393913 ಕೂಡ ಪಾಲಾಗುವುದಿಲ್ಲ. ಇನ್ನೊಂದು ಕಡಿಯಿರಿ, 739391 ಉಳಿಯುತ್ತದೆ, ಅದೂ ಅಷ್ಟೇ. ಹೀಗೆ ಕಡಿಯುತ್ತ ಕಡಿಯುತ್ತ ಕೊನೆಗೆ 7 ಒಂದೇ ಉಳಿಯುವವರೆಗೂ ಅದರ ಹಟ ಇಳಿಯುವುದಿಲ್ಲ. ಈ ಗುಣ ಇರುವ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಇದರಾಚೆಗೆ ಇನ್ನೊಂದಿಲ್ಲ. ಟೀಚರು ಇದನ್ನು ನನಗೆ ಮೊದಲ ಸಲ ವಿವರಿಸಿದಾಗ ಅವರ ಕಣ್ಣಿನಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುತ್ತಿದ್ದೀರಾ ಎಂದು ಕೇಳಿ ಬೈಸಿಕೊಂಡೆ.

ಬರೆಸುವಾಗ ಪೈಂಟರನೊಂದಿಗೆ ಜಗಳವೂ ಆಯಿತು. ನಮ್ಮ ಗೋಡೆ ಹೆದ್ದಾರಿಯ ಮೂಲೆಯಿಂದ ಶುರುವಾಗಿ ಕಡಲಿಗೆ ಹೋಗುವ ರಸ್ತೆಯುದ್ದಕ್ಕೂ ಪಶ್ಚಿಮಕ್ಕೆ ಚಾಚಿದೆ. ಪೈಂಟರ್ ಗೋಡೆಯ ನಡುಮಧ್ಯೆ ಚಂದಗೆ ಬರೆಯುತ್ತೇನೆ ಎಂದ. ಟೀಚರು ಒಪ್ಪಲಿಲ್ಲ. 7 ಕಡಲ ಬದಿಗಿರಬೇಕು, ಕೊನೆಯ 3 ಹೆದ್ದಾರಿಯ ಮೂಲೆಗೇ ತಾಗಬೇಕು. ಯಾಕೆ ಎಂದು ನಾನು ಕೇಳಿದ್ದಕ್ಕೆ, “ರಸ್ತೆ ಅಗಲ ಆತಾ ಬಪ್ಪುದ್ ಆ ಬದಿಯಿಂದ ಅಲ್ದಾ?” ಎಂದು ನಕ್ಕರು. ಕನ್ನಡ ಅಂಕಿಯಲ್ಲಿ ಬರೆಸಿ ಎಂದು ನಾನು ಹಿಡಿದ ಹಟಕ್ಕೆ ಮಾತ್ರ ಯಾವ ಬೆಲೆಯೂ ಸಿಗಲಿಲ್ಲ.

ಅಷ್ಟರಲ್ಲಿ ಆ ಗೋಡೆಗೆ ಬೇಡಿಕೆ ಬಂತು. ಕುಂದಾಪುರದ ಒಂದು ಸೀರೆ ಅಂಗಡಿಯವರಿಗೆ ಜಾಹೀರಾತು ಬರೆಸಲು ಅದೇ ಬೇಕಿತ್ತು. ಶಾಲಾ ಸಮಿತಿಯ ಅಧ್ಯಕ್ಷರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಕೆಟ್ಟವರಲ್ಲ, ಆದರೆ ಖಾಲಿ ಜಾಗ ಕಂಡರೆ ಅವರಿಗೆ ಕೈ ತುರಿಸುತ್ತದೆ. ಸಭೆ ಕರೆದು ಕೇಳಿದರು.

“ಟೀಚ್ರೆ, ಇದ್ ಪಾಲಾತಿಲ್ಲೆ ಅಂದೇಳಿ ಯಾರ್ ಕಂಡಿದ್ರ್?”

ಡ್ರಿಲ್ ಮಾಸ್ತರರು ಫೋನ್ ತೆಗೆದು, ಒಂದು ಕ್ಷಣದಲ್ಲಿ ತೋರಿಸುತ್ತೇನೆ ಎಂದರು.

“ಫೋನಲ್ ಬಂದದ್ದೆಲ್ಲ ನಿಜ ಆರೆ ನಂಗೆ ದಿನಾ ಲಾಟ್ರಿ ಹೊಡೀತ್ ಮಾರಾಯ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಟೀಚರು ನಗಲಿಲ್ಲ. ಬೆರಳು ಸೆರಗಿನ ಮೇಲೆ ಓಡಾಡುತ್ತಿತ್ತು. ಆಮೇಲೆ ಎದ್ದು ನಿಂತರು.

“ನೀವ್ ಹೇಳುದ್ ಸರಿ. ಫೋನಿಗ್ ಗೊತ್ತಿದ್ದದ್ ಫೋನಿಗ್ ಗೊತ್ತ್. ನಮ್ಗೆ ಗೊತ್ತಾಯ್ಕಲ್ದಾ? ಊರೇ ಭಾಗ್ಸಿ ಕಾಣ್ಲಿ. ವಾರ್ಷಿಕೋತ್ಸವದ ಒಳ್ಗೆ. ಯಾವ್ದಾರೊಂದ್ರಲ್ ಪಾಲಾರೂ ಸೈ, ನಾನೇ ನಿಂತ್ಕಂಡ್ ಗ್ವಾಡಿಗೆ ಸುಣ್ಣ ಬಳಿತೆ.”

ಅದು ಅವರ ನಿವೃತ್ತಿಯ ವರ್ಷ. ಅಷ್ಟು ವರ್ಷ ಪಾಠ ಮಾಡಿ ಅವರು ಶಾಲೆಯಲ್ಲಿ ಬಿಟ್ಟುಹೋಗಬೇಕೆಂದಿದ್ದದ್ದು ಆ ಒಂದು ಸಂಖ್ಯೆ ಮಾತ್ರ. ಈಗ ಅದನ್ನು ಊರಿನ ಕೈಗೆ ಕೊಟ್ಟು ಕೂತರು. ನಿಮಗೆ ಹುಚ್ಚು ಹಿಡಿದಿದೆ ಎಂದು ನಾನು ನೇರವಾಗಿ ಹೇಳಿದೆ.

“ಹಗ್ಗಕ್ಕೆ ಕೈ ಹಾಕಿದವ್ರಿಗೆ ಮಾತ್ರ ಮೀನಿನ ರುಚಿ ಗೊತ್ತಾಪ್ದ್ ಪಂಡಿತ್ರೆ” ಎಂದರು.

ಕೈರಂಪಣಿಯ ಕ್ರಮದಲ್ಲೇ ಕೆಲಸ ಹಂಚಿದರು. 73 ಐದನೆಯವರಿಗೆ, 739 ಆರನೆಯವರಿಗೆ, ಹೀಗೆ ಒಂದೊಂದು ತರಗತಿಗೆ ಒಂದೊಂದು ಅಂಕಿ ಹೆಚ್ಚು. 739391 ಒಂಬತ್ತನೆಯವರ ಪಾಲು, 7393913 ಹತ್ತನೆಯವರ ಪಾಲು. ಪೂರ್ತಿ ಎಂಟಂಕಿಯ ರಾಜ ಊರಿನವರಿಗೆ. ಎಷ್ಟರಿಂದ ಭಾಗಿಸಬೇಕು ಎಂಬ ಪ್ರಶ್ನೆ ಬಂದಾಗ ಅವರು ಹೇಳಿದ್ದು ನನ್ನಂಥವನಿಗೂ ಅರ್ಥವಾಯಿತು: “ರಾಶಿ ಎಷ್ಟ್, ಒಂದ್ ರಾಶಿಲ್ ಮೀನ್ ಎಷ್ಟ್, ಎರಡ್ರಲ್ ಒಂದಾರೂ ಸಣ್ದ್ ಇರ್ಕ್. ಎರಡೂ ದೊಡ್ದ್ ಆರೆ ಮೀನೇ ಸಾಲ್ತಿಲ್ಲೆ.” ಹಾಗಾಗಿ ವರ್ಗಮೂಲದಾಚೆ ಹೋಗಬೇಕಿರಲಿಲ್ಲ, 8597ರವರೆಗಿನ ಪಾಲಾಗದ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕಿತ್ತು. ಅವೇ ಸಾವಿರಕ್ಕೂ ಮೇಲಿದ್ದವು. ಒಂದೊಂದನ್ನೂ ಇಬ್ಬರು ಬೇರೆ ಬೇರೆ ಕೂತು ಮಾಡಬೇಕು, ಇಬ್ಬರಿಗೂ ಒಂದೇ ಶೇಷ ಬರಬೇಕು.

ಆ ಎರಡು ತಿಂಗಳು ನಮ್ಮ ಕಡೆ ನಡೆದದ್ದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಕುಂಭಾಶಿಯಲ್ಲಿ ಹೂ ಮಾರುವವರು ಬಾಳೆಲೆಯ ಮೇಲೆ ಭಾಗಾಕಾರ ಮಾಡಿದರು. ಶಂಕರನಾರಾಯಣದ ಬಸ್ಸಿನ ಕಂಡಕ್ಟರ್ ಟಿಕೆಟಿನ ಹಿಂಭಾಗದಲ್ಲಿ ಮಾಡುತ್ತ ಎರಡು ಸ್ಟಾಪಿಗೆ ಸೀಟಿ ಊದುವುದನ್ನೇ ಮರೆತ. ಬೈಂದೂರಿಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿ ಅತ್ತೆಯನ್ನೂ ಕೂರಿಸಿಕೊಂಡಳು, ಬ್ರಹ್ಮಾವರದ ಆಸ್ಪತ್ರೆಯ ಇಬ್ಬರು ನರ್ಸುಗಳು ಊಟದ ಬಿಡುವಿನಲ್ಲಿ ಹತ್ತು ಮುಗಿಸಿದರು. ಅಧ್ಯಕ್ಷರೂ ಒಂದು ಪಾಲು ತೆಗೆದುಕೊಂಡಿದ್ದರು. ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ಶಾಲೆಗೆ ಬಂದು, “ಟೀಚ್ರೆ, ನಂಗೂ ಉಳೀತ್!” ಎಂದು ಕೂಗಿದರು. ಉಳಿದರೆ ತಾವು ಸೋತಂತೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪೇ ಇದ್ದಂತಿರಲಿಲ್ಲ.

ಕಟ್ಟಕಡೆಯ 8597 ನನ್ನ ತಲೆಗೆ ಬಂತು. “ಕಡೇದ್ ಪಂಡಿತ್ರಿಗೆ. ಒಂದ್ ದಿನ ಆರೂ ಲೆಕ್ಕ ಮಾಡ್ಲಿ” ಎಂದು ಟೀಚರು ಇಡೀ ಸ್ಟಾಫ್ ರೂಮಿನ ಎದುರು ಹೇಳಿದರು. ನನ್ನ ಜೊತೆಗಾತಿ ನನ್ನ ಹೆಂಡತಿ. ಅವಳಿಗೆ ಮೊದಲ ಸಲಕ್ಕೇ 4933 ಉಳಿಯಿತು. ನನಗೆ ಪ್ರತಿ ಸಲವೂ ಹೊಸ ಹೊಸ ಶೇಷ ಬಂದು, ಕೊನೆಗೆ ಅವಳದೇ ಸರಿ ಎಂಬಲ್ಲಿಗೆ ತಲುಪಿತು. ಮನೆಯಲ್ಲಿ ಬೇರೆ ವಿಷಯಗಳಲ್ಲೂ ಹಾಗೆಯೇ.

ಇನ್ನು ಗಿರಿಜಕ್ಕನ ವಿಷಯ ಹೇಳಬೇಕು. ಗಿರಿಜಕ್ಕ ಮೀನು ಮಾರ್ಕೆಟ್ಟಿನ ವ್ಯಾಪಾರಗಾತಿ, ಬಾಯಲ್ಲಿ ಲೆಕ್ಕ ಹಾಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಟೀಚರಿಗೂ ಅವರಿಗೂ ಪ್ರತಿ ಭಾನುವಾರ ಜಗಳ. ಬಂಗುಡೆ ಎಣಿಸಿ ಕೊಟ್ಟ ಮೇಲೆ ಗಿರಿಜಕ್ಕ ದುಡ್ಡಿಲ್ಲದೆ ಒಂದೆರಡು ಮೀನು ಕೊಸರು ಎಸೆಯುತ್ತಾರೆ. ಕೊಸರು ಹಾಕದಿದ್ದರೆ ನಮ್ಮಲ್ಲಿ ವ್ಯಾಪಾರ ಮುಗಿದ ಹಾಗಲ್ಲ. ಟೀಚರು ಅದನ್ನೂ ಸೇರಿಸಿ ಎಷ್ಟಾಯಿತು ಎಂದು ಎಣಿಸಲು ಹೋಗುತ್ತಾರೆ. “ಕೊಸರ್ ಎಣ್ಸುಕಾಗ ಟೀಚ್ರೆ, ದರಿದ್ರ ಬತ್ತ್!” ಎಂದು ಗಿರಿಜಕ್ಕ ಚೀಲದ ಬಾಯಿ ಮುಚ್ಚುತ್ತಾರೆ. ಗಿರಿಜಕ್ಕನಿಗೆ 41, 43, 47 ಈ ಮೂರು ಸಿಕ್ಕಿದ್ದವು, ಜೋಡಿಯಾಗಿ ಅವರ ತಂಗಿ, ಅವರೂ ಅದೇ ಮಾರ್ಕೆಟ್ಟಿನವರು. ಮೀನು ಕೊಯ್ಯುವ ಕಲ್ಲಿನ ಮೇಲೆ ಇದ್ದಿಲಲ್ಲಿ ಲೆಕ್ಕ ಮಾಡಿ, ಉತ್ತರ ನೆನಪಿಟ್ಟುಕೊಂಡು, ಕಲ್ಲಿಗೆ ನೀರು ಹೊಯ್ದುಬಿಟ್ಟಿದ್ದರು.

ವಾರ್ಷಿಕೋತ್ಸವದ ದಿನ ಬೆಳಗ್ಗೆ ಇಬ್ಬರೂ ಬಂದು ಉತ್ತರ ಹೇಳಿದರು. ನಲವತ್ತೊಂದರಲ್ಲಿ ಇಪ್ಪತ್ತು ಉಳಿಯಿತು. ನಲವತ್ತಮೂರರಲ್ಲಿ ಮೂವತ್ತೊಂದು.

“ನಲ್ವತ್ತೇಳ್ರಲ್ ಸಮಾ ಪಾಲಾಯ್ತ್” ಎಂದರು ಗಿರಿಜಕ್ಕ. ತಂಗಿಯೂ ತಲೆಯಾಡಿಸಿದರು. “ನಾವಿಬ್ರೂ ಬ್ಯಾರೆ ಬ್ಯಾರೆಯೇ ಮಾಡದ್.”

ಸುದ್ದಿ ಪೆಂಡಾಲಿಗೆ ತಲುಪಲು ಹೊತ್ತು ಬೇಕಾಗಲಿಲ್ಲ. ವೇದಿಕೆಯ ಹಿಂದೆ ಸುಣ್ಣದ ಬಕೆಟ್ಟು ಬಂದು ಕೂತಿತು. ಡ್ರಿಲ್ ಮಾಸ್ತರರು ಫೋನ್ ಹಿಡಿದು ಓಡಿಬಂದು, ಒತ್ತಿಬಿಡೋಣ, ಯಾರು ತಪ್ಪು ಎಂದು ಗೊತ್ತಾಗುತ್ತದೆ ಎಂದರು. ಟೀಚರು ಅವರ ಕೈ ಹಿಡಿದು ತಡೆದರು. ಸೆರಗು ಅಷ್ಟು ಹೊತ್ತಿಗೆ ಪೂರ್ತಿ ಬೆಳ್ಳಗಾಗಿತ್ತು.

“ಒತ್ಬ್ಯಾಡಿ” ಎಂದರು. ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು, “ನಂಗ್ ಹೆದ್ರಿಕೆ ಸಂಖ್ಯೆದಲ್ಲ ಪಂಡಿತ್ರೆ. ಈಗ ಫೋನ್ ಹೇಳ್ರೆ, ನಾಳೆಯಿಂದ ಇವ್ರೆಲ್ಲ ತಮ್ ಕೈ ಲೆಕ್ಕ ನಂಬುದಿಲ್ಲೆ.”

ಕಾರ್ಯಕ್ರಮ ಶುರುವಾಯಿತು. ಹೂವಿನ ಹಾರ, ಭಾಷಣ ಯಾವುದನ್ನೂ ಜನ ಕೇಳಿಸಿಕೊಳ್ಳುತ್ತಿರಲಿಲ್ಲ, ಎಲ್ಲರ ಕಣ್ಣೂ ಬಕೆಟ್ಟಿನ ಮೇಲೆ. ಟೀಚರು ತರಗತಿಯ ಕಪ್ಪುಹಲಗೆಯನ್ನು ವೇದಿಕೆಗೆ ಹೊರಿಸಿದರು. ಗಿರಿಜಕ್ಕನನ್ನು ಮೇಲಕ್ಕೆ ಕರೆದು ಸೀಮೆಸುಣ್ಣ ಕೈಗಿಟ್ಟರು.

“ಮಾರ್ಕೆಟ್ಟಲ್ ಹ್ಯಾಂಗ್ ಮಾಡಿದ್ರಿಯೋ ಹಾಂಗೇ ಮಾಡಿ. ದೊಡ್ಡಕೆ ಹೇಳ್ಕಂತ ಮಾಡಿ.”

ಗಿರಿಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದರು. ಹರಾಜು ಕೂಗುವ ಗಂಟಲು, ಮೈಕು ಬೇಕಾಗಲಿಲ್ಲ. ಒಂದೊಂದು ಅಂಕಿ ಇಳಿಸುವಾಗಲೂ ಮುಂದಿನ ಸಾಲಿನ ಮಕ್ಕಳು ಜೊತೆಗೆ ಕೂಗಿದರು. ಎಲ್ಲೂ ತಪ್ಪಿಲ್ಲ. ಕೊನೆಯ ಸಾಲಿಗೆ ಬಂದರು. ನೂರ ನಲವತ್ತಮೂರರಲ್ಲಿ ನಲವತ್ತೇಳು ಮೂರು ಸಲ, ನೂರ ನಲವತ್ತೊಂದು. ಗಿರಿಜಕ್ಕ ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಂಡರು.

“ಆಯ್ತ್. ಸಮಾ.”

“ಎರಡ್ ಉಳೀತಲ್ದಾ ಗಿರಿಜಕ್ಕ?”

“ಎಂತ ಉಳುದ್? ಎರಡ್! ನಲ್ವತ್ತೇಳ್ ರಾಶಿಗೆ ಇಷ್ಟ್ ಕೋಟಿ ಮೀನ್ ಹಂಚಿ ಎರಡ್ ಮಿಕ್ರೆ ಅದ್ ಕೊಸರ್ ಅಲ್ದಾ ಟೀಚ್ರೆ? ಕೊಸರ್ ಯಾರ್ ಎಣ್ಸ್ತ್ರ್?”

ಪೆಂಡಾಲಿನಲ್ಲಿ ಎದ್ದ ನಗು ಹೆದ್ದಾರಿಯ ಲಾರಿಗಳಿಗೂ ಕೇಳಿಸಿರಬೇಕು. ಅಕ್ಕ ತಂಗಿ ಇಬ್ಬರೂ ಬೇರೆ ಬೇರೆ ಕೂತು, ಒಂದಂಕಿ ತಪ್ಪಿಲ್ಲದೆ ಲೆಕ್ಕ ಮಾಡಿ, ಮಾರ್ಕೆಟ್ಟಿನ ಮರ್ಯಾದೆಗೆ ಆ ಎರಡು ಮೀನನ್ನು ಕೊಸರಿಗೆ ಎಸೆದಿದ್ದರು. ನಮ್ಮೂರಿನವರನ್ನು ಬಿಟ್ಟು ಇನ್ಯಾರೂ ಮಾಡಲಾರದ ತಪ್ಪು ಅದು.

ಟೀಚರು ಮಾತ್ರ ನಗಲಿಲ್ಲ. ಗಿರಿಜಕ್ಕನ ಎರಡೂ ಕೈ ಹಿಡಿದುಕೊಂಡರು. “ನಿಮ್ ಲೆಕ್ಕ ಚೊಕ್ಕ ಇತ್ತ್. ಒಂದೇ ಮಾತ್, ಈ ಮೀನಿಗ್ ಕೊಸರಿಲ್ಲೆ. ಮಿಕ್ಕದ್ದೇ ಇದ್ರ್ ಮರ್ಯಾದಿ. ಈಗ ನೀವೇ ಹೇಳಿ, ಪಾಲಾಯ್ತಾ?”

ಗಿರಿಜಕ್ಕ ಹಲಗೆಯನ್ನೊಮ್ಮೆ ನೋಡಿದರು, ಜನರನ್ನೊಮ್ಮೆ ನೋಡಿದರು. ಮತ್ತೆ ಸೀಮೆಸುಣ್ಣ ಎತ್ತಿಕೊಂಡು ಕೆಳಗೆ ದೊಡ್ಡದಾಗಿ 2 ಎಂದು ಬರೆದರು. “ಆಯ್ಲಿಲ್ಲೆ! ನಲ್ವತ್ತೇಳ್ರಲ್ಲೂ ಆಯ್ಲಿಲ್ಲೆ!” ಎಂದು ಹರಾಜಿನ ಗಂಟಲಲ್ಲೇ ಕೂಗಿದರು.

ಆಮೇಲೆ ಉಳಿದವರೆಲ್ಲ ಕೂತಲ್ಲಿಂದಲೇ ತಮ್ಮ ತಮ್ಮ ಶೇಷವನ್ನು ಕೂಗತೊಡಗಿದರು. ಹೂವಿನವರು, ಕಂಡಕ್ಟರ್, ನರ್ಸುಗಳು, ಬೈಂದೂರಿನ ಅತ್ತೆ. ಕಟ್ಟಕಡೆಗೆ ನನ್ನನ್ನು ಕರೆದರು. ಸಾವಿರಾರು ಜನರೆದುರು ನಾನು ಎಷ್ಟೋ ಭಾಷಣ ಮಾಡಿದ್ದೇನೆ, ಚೀಟಿ ನೋಡಿ ಓದಿದ್ದು ಅವತ್ತೊಂದೇ ದಿನ. “ಎಂಟು ಸಾವಿರದ ಐನೂರ ತೊಂಬತ್ತೇಳು. ಉಳಿದದ್ದು ನಾಲ್ಕು ಸಾವಿರದ ಒಂಬೈನೂರ ಮೂವತ್ತಮೂರು” ಎಂದೆ. ಹೆಂಡತಿ ಹಿಂದಿನ ಸಾಲಿನಿಂದ ಸರಿ ಎಂದು ಕೈ ಎತ್ತಿದಳು. ಅಷ್ಟೇ, ಮುಗಿಯಿತು. ಇಡೀ ಊರು ಎದ್ದು ನಿಂತಿತು. ನನ್ನ ಜೀವನದಲ್ಲಿ ಒಂದು ಭಾಗಾಕಾರಕ್ಕೆ ಸೀಟಿ ಹೊಡೆದದ್ದನ್ನು ಕಂಡದ್ದು ಅದೇ ಮೊದಲು. ಟೀಚರ ಕಣ್ಣಲ್ಲಿ ನೀರು ಹರಿಯುತ್ತಿತ್ತು, ನಾನು ಈರುಳ್ಳಿಯ ಮಾತೆತ್ತಲಿಲ್ಲ, ಯಾಕೆಂದರೆ ನನ್ನದೂ ಅದೇ ಅವಸ್ಥೆ. ಅಧ್ಯಕ್ಷರು ಸುಣ್ಣದ ಬಕೆಟ್ಟನ್ನು ತಾವೇ ಎತ್ತಿಕೊಂಡು ಗೋಡೆಯತ್ತ ನಡೆದಾಗ ಒಂದು ಗಳಿಗೆ ಎಲ್ಲರೂ ಗಾಬರಿಯಾದೆವು. ಅವರು ಅದರಲ್ಲಿ ಬ್ರಶ್ಶು ಅದ್ದಿ ಎಂಟೂ ಅಂಕಿಗಳ ಸುತ್ತ ಬಿಳಿಯ ಅಂಚು ಎಳೆದರು. ಅಂಚು ಸೊಟ್ಟಗಿತ್ತು, ಯಾರೂ ತಿದ್ದಲು ಹೋಗಲಿಲ್ಲ.

ನಿವೃತ್ತಿಯ ಮೇಲೂ ಟೀಚರು ವಾರಕ್ಕೊಮ್ಮೆ ಆ ಗೋಡೆಯ ಮುಂದೆ ಹಾದುಹೋಗುತ್ತಿದ್ದರು. ನಿಲ್ಲುತ್ತಿರಲಿಲ್ಲ, ಅದೇ ಅವಸರದ ನಡಿಗೆ, ಕಡೆಗಣ್ಣಿನಲ್ಲೊಂದು ನೋಟ ಮಾತ್ರ. ಕಾಯಿಲೆ ಬಿದ್ದಾಗ ನೋಡಲು ಹೋದರೆ ನನ್ನ ವಯಸ್ಸು ಕೇಳಿದರು. ಅರವತ್ತೇಳು ಎಂದೆ. “ಭಾರೀ ಒಳ್ಳೆ ವರ್ಷ. ಹುಷಾರಾಯ್ ಇರಿ, ಇನ್ನೊಂದ್ ಬಪ್ಪುದ್ ಎಪ್ಪತ್ತೊಂದ್ರಲ್ಲೇ” ಎಂದರು. ನಾನು ಎಪ್ಪತ್ತೊಂದಕ್ಕೆ ತಲುಪಲೇಬೇಕು ಎಂದು ಆಗಲೇ ತೀರ್ಮಾನ ಮಾಡಿದ್ದೇನೆ.

ಅವರು ಹೋದ ಕೆಲವೇ ದಿನಗಳಲ್ಲಿ ಸರ್ವಿಸ್ ರಸ್ತೆಗಾಗಿ ಗೋಡೆ ಕೆಡವುತ್ತಿದ್ದಾರೆ ಎಂದು ಸುದ್ದಿ ಬಂತು. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಹೆದ್ದಾರಿಯ ಮೂಲೆಯಲ್ಲಿ ಜೇಸಿಬಿ ಗುರುಗುಡುತ್ತಿತ್ತು. ಕೊನೆಯ ಎರಡು 3ಗಳೂ ಕೆಂಪು ಕಲ್ಲಿನ ಪುಡಿಯಾಗಿ ಬಿದ್ದಿದ್ದವು. ಬಸ್ ಸ್ಟಾಪಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಗಿರಿಜಕ್ಕ ನಿಂತಿದ್ದರು.

“ಹ್ವಾಯ್ ಪಂಡಿತ್ರೆ, ಎಂತಕೆ ಮುಖ ಹಾಂಗ್ ಮಾಡ್ಕಂಡಿದ್ರಿ? ಉಳ್ದದ್ದ್ ಎಷ್ಟ್ ಕಾಣಿ.”

ಗೋಡೆ ಓದಿದೆ. 739391. ಒಂಬತ್ತನೆಯವರ ಪಾಲು. ಮಕ್ಕಳು ಎಂದೋ ಮಾಡಿ ಮುಗಿಸಿದ್ದ ಲೆಕ್ಕ.

“ಪಾಲಾತ್ತಾ?” ಎಂದರು ಗಿರಿಜಕ್ಕ.

“ಇಲ್ಲೆ” ಎಂದೆ. ಅಷ್ಟು ವರ್ಷ ಬರವಣಿಗೆಯ ಕನ್ನಡ ಮಾತಾಡಿದ ನನ್ನ ಬಾಯಲ್ಲಿ ಬಂದದ್ದು ಅದೇ.

ಗಿರಿಜಕ್ಕ ಜೇಸಿಬಿಯ ಡ್ರೈವರನತ್ತ ತಿರುಗಿ, ಹರಾಜಿನ ಗಂಟಲು ತೆಗೆದು ಕೂಗಿದರು: “ಕಡಿ ಮಾರಾಯ, ಎಷ್ಟ್ ಬೇಕಾರೂ ಕಡಿ! ನಮ್ ಟೀಚ್ರ್ ಏಳರ್ ವರಿಗೂ ಲೆಕ್ಕ ಮಾಡ್ಸೇ ಹೋಯಿದ್ರ್!”